ಸಾಲ್ಯಾಗ ಅಸಿಸ್ಟೆಂಟ್ ಟೀಚರ್ ಆಗ್ಲಿಕ್ಕ ಯಾವ ಸರ್ಟಿಫಿಕೇಟ್ ಬೇಕು, ಕೆಲಸ ಏನೇನಿರ್ತದ? ಮಾಡಿದವರು ಹೇಳ್ರಿ

ಕೇಳಿದವರು, ಸೇಡಂ:

ಎಲ್ಲರಿಗೂ ನಮಸ್ಕಾರ್ರಿ. ನಂದು ಪಿಯುಸಿ ಆರ್ಟ್ಸ್ ಆಗ್ಯದ, 54 ಪರ್ಸೆಂಟ್. ಮದುವಿ ಆದಮ್ಯಾಲ ಮುಂದ ಓದ್ಲಿಕ್ಕ ಆಗಿಲ್ಲ, ಈಗ ಮಗ ಯುಕೆಜಿಗಿ ಹೋಗ್ತಾನ. ಇಲ್ಲೇ ಒಂದು ಪ್ರೈವೇಟ್ ಸಾಲ್ಯಾಗ ಎಲ್‌ಕೆಜಿ ಕ್ಲಾಸಿಗಿ ಅಸಿಸ್ಟೆಂಟ್ ಬೇಕಾಗ್ಯಾರ, ಹೆಡ್ ಮೇಡಂ ಬರ್ರಿ ಅಂದಾರ, ಆದ್ರ ಯಾವುದರ ಟ್ರೈನಿಂಗ್ ಸರ್ಟಿಫಿಕೇಟ್ ಇದ್ರ ಚೊಲೊ ಅಂತಾರ. ಅದೇ ಹೊತ್ತಿಗಿ ಒಂದು ಇನ್‌ಸ್ಟಿಟ್ಯೂಟ್‌ನವರು ಆರು ತಿಂಗಳ ಎನ್‌ಟಿಟಿ (ನರ್ಸರಿ ಟೀಚರ್ ಟ್ರೈನಿಂಗ್) ಕೋರ್ಸ್ ಮಾಡ್ರಿ, ಸರ್ಕಾರಿ ಸಾಲ್ಯಾಗೂ ನೌಕರಿ ಸಿಗ್ತದ, ಈ ವಾರ ಫೀಸ್ ಕಟ್ಟಿದ್ರ ಡಿಸ್ಕೌಂಟ್ ಅಂತ ದಿನಾ ಫೋನ್ ಮಾಡ್ಲತ್ತಾರ. ಮನ್ಯಾಗ ಅಷ್ಟು ರೊಕ್ಕ ಹಾಕೋದು ಬ್ಯಾಡ ಅಂತಾರ. ನನಗ ಸಣ್ಣ ಹುಡುಗ್ರ ಸಂಗಟ ಕೆಲಸ ಮಾಡಬೇಕು ಅಂತ ಭಾಳ ಮನಸದ. ಖರೇ ಏನು ಬೇಕಾಗ್ತದ, ಕ್ಲಾಸಿನ್ಯಾಗ ಏನು ಮಾಡಬೇಕಾಗ್ತದ?

ಬೀದರ್, ಡಿಇಡಿ ಕಾಲೇಜಿನ್ಯಾಗ ಪಾಠ ಮಾಡಿ ರಿಟೈರ್ ಆದವರು:

ತಂಗಿ, ಫೀಸ್ ಕಟ್ಟೋದು ಸದ್ಯಕ್ಕ ನಿಂದ್ರಸು. ನಿನಗ ಯಾವ ನೌಕರಿ ಬೇಕು ಅನ್ನೋದು ಮೊದಲ ತೀರ್ಮಾನ ಆಗಲಿ, ಯಾಕಂದ್ರ ಒಂದೊಂದು ನೌಕರಿಗಿ ಒಂದೊಂದು ಕಾಗದ ಅದ, ಒಂದರದ್ದು ಇನ್ನೊಂದಕ್ಕ ನಡಿಯಲ್ಲ. ನೀ ಹೇಳೋ ಪ್ರೈವೇಟ್ ಎಲ್‌ಕೆಜಿ ಅಸಿಸ್ಟೆಂಟ್ ಕೆಲಸಕ್ಕ ನಮ್ಮ ಕಡಿ ಸಾಲಿಯವರೇ ಅರ್ಹತಾ ಗೊತ್ತುಮಾಡ್ತಾರ, ಪಿಯುಸಿ ಸಾಕು ಅಂದ್ರ ಸಾಕು. ಹೆಡ್ ಮೇಡಂ ‘ಇದ್ರ ಚೊಲೊ’ ಅಂದಾರ, ‘ಇಲ್ಲಂದ್ರ ತಗೊಳ್ಳಲ್ಲ’ ಅಂದಿಲ್ಲ, ಅದನ್ನ ಇನ್ನೊಮ್ಮಿ ಕೇಳಿ ಖಾತ್ರಿ ಮಾಡ್ಕೊ.

ಸರ್ಕಾರಿ ಸಾಲ್ಯಾಗ ಒಂದರಿಂದ ಐದನೇ ಕ್ಲಾಸಿಗಿ ಕ್ಲಾಸ್ ಅಸಿಸ್ಟೆಂಟ್ ಅಂತ ಖಾಯಂ ಪೋಸ್ಟೇ ಇಲ್ಲ, ಇರೋದು ಟೀಚರ್ ಪೋಸ್ಟ್, ಅದಕ್ಕ ಎರಡು ವರ್ಷದ ಡಿಎಲ್‌ಇಡಿ ಆಗಬೇಕು, ಅಂದ್ರ ಮೊದಲಿನ ಡಿಇಡಿ, ಪ್ರೈಮರಿ ಟೀಚರ್ ಡಿಪ್ಲೊಮಾ, ಅದರ ಮ್ಯಾಲ ಟಿಇಟಿ (ಟೀಚರ್ ಅರ್ಹತಾ ಪರೀಕ್ಷಾ) ಪಾಸಾಗಬೇಕು, ಆಮ್ಯಾಲ ನೇಮಕಾತಿ ಕರದಾಗ ಸಿಇಟಿ ಅನ್ನೋ ಸ್ಪರ್ಧಾ ಪರೀಕ್ಷಾ ಬರೀಬೇಕು. ಟಿಇಟಿ ಕಡ್ಡಾಯ ಅಂತ ಎನ್‌ಸಿಟಿಇ (ಟೀಚರ್ ತರಬೇತಿ ನೋಡ್ಕೊಳ್ಳೋ ಕೇಂದ್ರದ ಮಂಡಳಿ) 2010ರ ಆಗಸ್ಟ್‌ನ್ಯಾಗ ಅಧಿಸೂಚನಾ ಹೊರಡಿಸ್ಯದ, ಆರ್‌ಟಿಇ ಅಂದ್ರ ಶಿಕ್ಷಣ ಹಕ್ಕು ಕಾಯ್ದೆ ಕೆಳಗ. ಬಿಇಡಿ ಮಾಡಿದ್ರೂ ಆಗ್ತದ ಅಂತ ಯಾರರ ಹೇಳಿದ್ರ ನಂಬಬ್ಯಾಡ, 2023ರ ಆಗಸ್ಟ್ 11ಕ್ಕ ಸುಪ್ರೀಂ ಕೋರ್ಟ್ ಐದನೇ ಕ್ಲಾಸಿನ ತನಕ ಬಿಇಡಿ ನಡಿಯಲ್ಲ ಅಂತ ತೀರ್ಪು ಕೊಟ್ಟದ. ಇನ್ನ ಪ್ರೀ ಪ್ರೈಮರಿಗಿ ಎನ್‌ಸಿಟಿಇ ಒಪ್ಪೋ ಕೋರ್ಸ್ ಅಂದ್ರ ಡಿಪಿಎಸ್‌ಇ (ಪ್ರೀ ಸ್ಕೂಲ್ ಶಿಕ್ಷಣದ ಡಿಪ್ಲೊಮಾ), ಅದೂ ಎರಡು ವರ್ಷದ್ದು, ಪಿಯುಸಿ ಮ್ಯಾಲ. ಆರು ತಿಂಗಳ ಎನ್‌ಟಿಟಿ ಅದರ ಜಾಗಾಕ್ಕ ಬರಲ್ಲ. ಆ ಕೋರ್ಸಿನ್ಯಾಗ ಕಲಿಯೋದೇನೂ ಇರಲ್ಲ ಅಂತ ನಾ ಅನ್ನಲ್ಲ, ಚಟುವಟಿಕಿ ಮಾಡ್ಸೋದು, ಚಾರ್ಟ್ ಮಾಡೋದು, ರೈಮ್ಸ್ ಹೇಳ್ಸೋದು ಕಲಿಸ್ತಾರ, ಪ್ರೈವೇಟ್ ಸಾಲಿಯವರು ಅದನ್ನ ನೋಡಿ ಪಗಾರ ಚೂರು ಹೆಚ್ಚಿಗಿ ಕೊಟ್ಟರೂ ಕೊಡಬಹುದು. ಆದ್ರ ‘ಸರ್ಕಾರಿ ನೌಕರಿ ಸಿಗ್ತದ’ ಅಂತ ಹೇಳಿ ರೊಕ್ಕ ಕೇಳೋದು ಮೋಸ. ನನ್ನ ಹತ್ರ ಡಿಇಡಿಗಿ ಬಂದ ಎಷ್ಟೋ ಹೆಣ್ಣುಮಕ್ಕಳು ಮೊದಲ ಹಿಂಗೇ ಎಲ್ಲೋ ರೊಕ್ಕ ಕಳ್ಕೊಂಡು ಬಂದವರಿದ್ರು, ಕೂಲಿ ಮಾಡಿದ ರೊಕ್ಕ, ಬಂಗಾರ ಒತ್ತಿ ಇಟ್ಟು ತಂದ ರೊಕ್ಕ, ನೆನಸಿದ್ರ ಈಗೂ ಹೊಟ್ಟಿ ಉರೀತದ.

ಇನ್‌ಸ್ಟಿಟ್ಯೂಟ್‌ನವರಿಗಿ ಒಂದೇ ಮಾತು ಕೇಳು: ನಿಮಗ ಎನ್‌ಸಿಟಿಇ ಮಾನ್ಯತೆ ಕೊಟ್ಟ ಆದೇಶದ ಪ್ರತಿ ತೋರ್ಸ್ರಿ. ‘ಐಎಸ್‌ಒ ಅದ, ದಿಲ್ಲಿ ಬೋರ್ಡ್ ಅದ’ ಅಂದ್ರ ಅದು ಮಾನ್ಯತೆ ಅಲ್ಲ.

ಕಲಬುರಗಿ, ಪ್ರೈವೇಟ್ ಸಾಲ್ಯಾಗ ನರ್ಸರಿ ಅಸಿಸ್ಟೆಂಟ್:

ಅಕ್ಕಾ, ಸರ್ಟಿಫಿಕೇಟ್ ಮಾತು ಸರ್ ಹೇಳ್ಯಾರ, ನಾ ಕೆಲಸದ್ದು ಹೇಳ್ತೀನಿ. ನಂದು ಬಿಎ ಅಷ್ಟೇ, ಯಾವ ಟ್ರೈನಿಂಗೂ ಇಲ್ಲದೇ ಸೇರಿದ್ದೆ, ಎಲ್ಲಾ ನಮ್ಮ ಮೇನ್ ಟೀಚರ್ ಕಡಿಂದೇ ಕಲ್ತೀನಿ.

ಮುಂಜಾನಿ ಆಟೋ, ವ್ಯಾನು ಬರೋಕ್ಕಿಂತ ಮೊದಲ ಕ್ಲಾಸ್ ರೆಡಿ ಇರಬೇಕು, ಕ್ರಯಾನ್ಸ್, ಸ್ಲೇಟ್, ಬ್ಲಾಕ್ಸ್ ಹುಡುಗ್ರ ಕೈಗಿ ಸಿಗೋ ಎತ್ತರಕ್ಕ, ಕತ್ತರಿ ಫಿನಾಯಿಲ್ ಕೈಗಿ ಸಿಗದಂಗ. ಹುಡುಗ್ರು ಬಂದಕೂಡ್ಲೇ ಡೈರಿ ನೋಡೋದು, ಯಾರಿಗರ ಜ್ವರ ಅದನೂ, ಮೈಮ್ಯಾಲ ಗಾಯ ಅದನೂ ನೋಡಿ ಟೀಚರ್‌ಗಿ ಹೇಳೋದು. ಟೀಚರ್ ಪಾಠ ಮಾಡೋವಾಗ ನಾವು ಹಿಂದ ಕೂಡಂಗಿಲ್ರಿ, ಯಾವ ಕೂಸಿಗಿ ಪೆನ್ಸಿಲ್ ಹಿಡಿಯಾಕ ಬರ್ತಿಲ್ಲ, ಯಾವುದು ಬರೇ ಕಿಟಕಿ ಕಡಿ ನೋಡ್ತದ, ಅದರ ಮಗ್ಗಲದಾಗ ಹೋಗಿ ಕೂಡಬೇಕು. ಇಲ್ಲಿ ಹೊಸದಾಗಿ ಬಂದವರೆಲ್ಲ ಕೂಸಿನ ಕೈ ಹಿಡ್ದು ತಾವೇ ಬರೀತಾರ, ಹಾಳಿ ಚಂದ ಕಾಣ್ತದ ತಂದಿತಾಯಿ ಖುಷಿ ಆಗ್ತಾರ ಅಂತ, ಆದ್ರ ಕೂಸು ಏನೂ ಕಲಿಯಲ್ಲ. ಸೊಟ್ಟ ಬರೀಲಿ, ತಾನೇ ಬರೀಲಿ. ಒಂದು ಪ್ರಶ್ನಾ ಕೇಳಿದ್ರ ಅದು ಬಾಯಿ ತೆಗಿಯೋ ತನಕ ನಿಂದ್ರಬೇಕು, ನಾವೇ ಉತ್ತರ ಹೇಳಿಬಿಟ್ರ ನಾಳಿಂದ ಅದು ಯೋಚನಾ ಮಾಡದೇ ನಮ್ಮ ಮಾರಿನೇ ನೋಡ್ತದ.

ಬಾತ್‌ರೂಮಿಗಿ ಕರ್ಕೊಂಡು ಹೋಗೋದು, ಚಡ್ಡಿ ಬದಲಾಯಿಸೋದು, ಮೂಗು ಒರಸೋದು, ಡಬ್ಬಿ ಉಣಸೋದು ಇದೆಲ್ಲಾ ಅದ, ಇದು ಆಯಾ ಕೆಲಸ ನಂದಲ್ಲ ಅನ್ನೋರು ಈ ಕೆಲಸಕ್ಕ ಬರಬಾರದು ಅಂತ ನನ್ನ ಅನಿಸಿಕಿ. ಒಂದು ರೂಢಿ ಮಾತ್ರ ಮೊದಲ ದಿನದಿಂದ ಇಟ್ಕೋರಿ, ಕೂಸಿನ ಸಂಗಟ ಒಬ್ಬರೇ ಬಾಗಲಾ ಹಾಕ್ಕೊಂಡು ಇರಬಾರದು, ಬಾಗಲಾ ಅರ್ಧ ತೆರದಿರಲಿ, ಇನ್ನೊಬ್ಬರಿಗಿ ಹೇಳಿ ಹೋಗ್ರಿ. ಸಾಲಿ ಬಿಡೋವಾಗ ಹೆಸರು ಬರ್ಸಿದವರ ಕೈಗೇ ಕೂಸು ಕೊಡಬೇಕು, ‘ನಾ ಅದರ ಕಾಕಾ’ ಅಂತ ಯಾರರ ಬಂದ್ರ ಮನಿಗಿ ಫೋನ್ ಹಚ್ಚಿ ಕೇಳಿದ ಮ್ಯಾಲೇ ಕಳಿಸ್ರಿ, ಅವರು ಸಿಟ್ಟಾದ್ರೂ ಪರವಾಗಿಲ್ಲ. ಹುಡುಗ್ರ ಫೋಟೋ ಸ್ಟೇಟಸ್‌ಗಿ ಹಾಕಬ್ಯಾಡ್ರಿ.

ಹೊಡಿಯೋದು ಬಡಿಯೋದು ಅಂತೂ ಬೇಡೇ ಬೇಡ. ಆರ್‌ಟಿಇ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹೊಡಿಯೋದೂ ತಪ್ಪು, ಮನಸಿಗಿ ನೋವಾಗೋ ಹಂಗ ಅನ್ನೋದೂ ತಪ್ಪು. ಆ ಸೆಕ್ಷನ್ನು ಆರು ವರ್ಷದ ಮ್ಯಾಲಿನವರಿಗಿ ಅಂತ ಲೆಕ್ಕ ಹಾಕಬ್ಯಾಡ್ರಿ, ಮೂರು ವರ್ಷದ ಕೂಸಿಗಿ ಕೈ ಮಾಡೋರಿಗಿ ಯಾವ ಕಾಯ್ದೆ ಬೇಕು?

ನಿಮ್ಮ ಸೇಡಂ ಕಡಿ ತೆಲುಗು ಮನಿ ಭಾಳ, ಉರ್ದು ಮಾತಾಡೋ ಹುಡುಗ್ರೂ ಇರ್ತಾವ. ನಿಮಗ ಆ ಭಾಷಾ ಬರ್ತಿದ್ರ ಇಂಟರ್‌ವ್ಯೂದಾಗ ಅವಶ್ಯ ಹೇಳ್ರಿ. ನಮ್ಮ ಕ್ಲಾಸಿಗಿ ಚಿಂಚೋಳಿ ಕಡಿ ತಾಂಡಾದಿಂದ ಒಂದು ಹುಡುಗಿ ಬಂದಿತ್ತು, ಜೂನ್ ತಿಂಗಳ ಪೂರಾ ಅತ್ತಿದ್ದೇ ಅತ್ತಿದ್ದು, ಯಾರರ ಲಂಬಾಣಿ ಭಾಷಾದಾಗ ಎರಡು ಮಾತು ಆಡಿದ ಕೂಡ್ಲೇ ಸುಮ್ಮಾಗ್ತಿತ್ತು, ಅಡಗಿ ಮಾಡೋ ಅಮ್ಮನೇ ಬಂದು ಮಾತಾಡ್ತಿದ್ರು. ಅಸಿಸ್ಟೆಂಟ್ ಇರಬೇಕಾದ್ದು ಇಂಥಾದಕ್ಕೇ, ಟೀಚರ್ ಒಬ್ಬರಿಗಿ ಅಷ್ಟೂ ಹುಡುಗ್ರ ಹಿಂದ ಹೋಗ್ಲಿಕ್ಕ ಆಗಲ್ಲ.

ಮಾಡಬಾರದ್ದು ಏನಂದ್ರ, ಟೀಚರ್ ರಜಾ ಹಾಕಿದಾಗೆಲ್ಲಾ ನಿಮಗೇ ಕ್ಲಾಸ್ ಒಪ್ಪಿಸಿ ಅಸಿಸ್ಟೆಂಟ್ ಪಗಾರಾನೇ ಕೊಡ್ತಾರ, ಅದನ್ನ ರೂಢಿ ಮಾಡ್ಕೊಳ್ಳಬ್ಯಾಡ್ರಿ. ಪಗಾರ ಎಷ್ಟು, ಬ್ಯಾಸಗಿ ರಜಾದಾಗ ಕೊಡ್ತಾರನೂ ಇಲ್ಲನೂ, ಎಷ್ಟಕ್ಕ ಬರೋದು ಎಷ್ಟಕ್ಕ ಹೋಗೋದು, ಕಾಗದದ ಮ್ಯಾಲ ಬರ್ಸ್ಕೋರಿ. 20 ಮಂದಿ ಇಲ್ಲಾ ಅದಕ್ಕಿಂತ ಹೆಚ್ಚಿಗಿ ಕೆಲಸ ಮಾಡೋ ಸಾಲಿ ಇದ್ರ ಪಿಎಫ್ ಕಟ್ಟಬೇಕಾಗ್ತದ, ಅದನ್ನೂ ಕೇಳ್ರಿ. ಪೊಲೀಸ್ ವೆರಿಫಿಕೇಶನ್ ಕೇಳಿದ್ರ ಅಂಜಬ್ಯಾಡ್ರಿ, ಸೇವಾ ಸಿಂಧುದಾಗ ಅರ್ಜಿ ಹಾಕ್ಲಿಕ್ಕ ಬರ್ತದ.

ಗುರುಮಠಕಲ್, ಅಂಗನವಾಡಿ ಕಾರ್ಯಕರ್ತೆ:

ಅಂಗನವಾಡಿ ಮಾತು ಯಾರೂ ತೆಗದಿಲ್ಲಲ್ರಿ. ನಿಮ್ಮ ವಾರ್ಡಿನ್ಯಾಗ ಇಲ್ಲಾ ಊರಾಗ ಜಾಗಾ ಖಾಲಿ ಇದ್ರ ಕಾರ್ಯಕರ್ತೆಗಿ ಪಿಯುಸಿ, ಸಹಾಯಕಿಗಿ ಎಸ್ಸೆಸ್ಸೆಲ್ಸಿ, ವಯಸ್ಸು 19ರಿಂದ 35, ಅದೇ ಊರಿನವರು ಇರಬೇಕು. ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿನ ಬೋರ್ಡ್ ನೋಡ್ರಿ, ಅರ್ಜಿ ಆನ್‌ಲೈನ್. ಇದು ಪಗಾರ ಅಲ್ಲ ಗೌರವಧನ, ಅದಂತೂ ತಿಳ್ಕೊಂಡೇ ಬರ್ರಿ. ಪಾಠದ ಸಂಗಟ ತೂಕ ಎತ್ತರ ಬರೀಬೇಕು, ತತ್ತಿ ಹಾಲು ಲೆಕ್ಕ ಇಡಬೇಕು, ಗರ್ಭಿಣಿ ಬಾಣಂತಿಯರ ಮನಿಗಿ ಹೋಗಬೇಕು, ಮೊಬೈಲ್‌ನ್ಯಾಗ ಎಂಟ್ರಿ ಮಾಡಬೇಕು. ಹೊಸ ಶಿಕ್ಷಣ ನೀತಿ 2020ರಾಗ ಪಿಯುಸಿ ಆದ ಕಾರ್ಯಕರ್ತೆಯರಿಗಿ ಆರು ತಿಂಗಳ ಸರ್ಟಿಫಿಕೇಟ್ ತರಬೇತಿ, ಅದಕ್ಕಿಂತ ಕಡಿಮಿ ಓದಿದವರಿಗಿ ಒಂದು ವರ್ಷದ ಡಿಪ್ಲೊಮಾ ಅಂತ ಬರದಾರ, ಅದು ಕೆಲಸದಾಗ ಇದ್ದವರಿಗಿ, ಅದರ ಹೆಸರು ಹೇಳಿ ಹೊರಗ ಯಾರರ ಫೀಸ್ ಕೇಳಿದ್ರ ಕೊಡಬ್ಯಾಡ್ರಿ.

ಸುಗ್ಗಿ ಆದಮ್ಯಾಲ ನಮ್ಮ ಕಡಿ ಮಂದಿ ಬೆಂಗಳೂರು ಪುಣೆ ಕಡಿ ದುಡಿಯಾಕ ಹೋಗ್ತಾರ, ಮಕ್ಕಳೂ ಹೋಗ್ತಾವ, ತಿರುಗಿ ಬಂದಾಗ ಎಲ್ಲಾ ಮರ್ತಿರ್ತಾವ. ಆ ಮಕ್ಕಳನ್ನ ಬೈಯದೇ ಮೊದಲಿಂದ ಕೂಡ್ಸಿ ಕಲಿಸಬೇಕು, ಇದು ಯಾವ ಕೋರ್ಸಿನ್ಯಾಗೂ ಹೇಳಿಕೊಡಲ್ಲ.

ಕಲಬುರಗಿ, ಶ್ಯಾಡೋ ಟೀಚರ್ ಆಗಿ ಕೆಲಸ ಮಾಡ್ತೀನಿ:

ನಂದು ಬ್ಯಾರೆ ದಾರಿ. ಆಟಿಸಂ ಇರೋ ಒಂದು ಹುಡುಗನ ಸಂಗಟ ಸಾಲ್ಯಾಗ ಪೂರಾ ದಿನ ಕೂಡ್ತೀನಿ, ಪಗಾರ ಅವನ ತಂದಿತಾಯಿನೇ ಕೊಡ್ತಾರ. ಶ್ಯಾಡೋ ಕೆಲಸಕ್ಕ ನಮ್ಮ ಕಡಿ ಯಾರೂ ಸರ್ಟಿಫಿಕೇಟ್ ಕೇಳಲ್ಲ. ಆದ್ರ ಸ್ಪೆಷಲ್ ಎಜುಕೇಟರ್ ಅಂತ ಬೋರ್ಡ್ ಹಾಕ್ಕೊಳ್ಳಬೇಕಂದ್ರ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ಮಾನ್ಯತೆ ಇರೋ ಕೋರ್ಸ್ ಮಾಡಿ ಸಿಆರ್‌ಆರ್ ಅನ್ನೋ ನೋಂದಣಿ ನಂಬರ್ ತಗೋಬೇಕು, 1992ರ ಕಾಯ್ದೆ ಅದ, ನೋಂದಣಿ ಇಲ್ಲದೇ ಮಾಡಿದ್ರ ಶಿಕ್ಷಾ ಆಗ್ತದ. ಪಿಯುಸಿ ಮ್ಯಾಲ ಎರಡು ವರ್ಷದ ಸ್ಪೆಷಲ್ ಡಿಇಡಿ ಅದ. ಅಕ್ಕಾ, ಈ ದಾರಿ ನೋಡ್ರಿ ಅಂತ ನಾ ಜೋರಾಗಿ ಹೇಳ್ತೀನಿ, ಯಾಕಂದ್ರ 2021ರಾಗ ಸುಪ್ರೀಂ ಕೋರ್ಟ್ ಪ್ರೈಮರಿದಾಗ ಇಂಥಾ 10 ಮಕ್ಕಳಿಗಿ ಒಬ್ಬ ಸ್ಪೆಷಲ್ ಟೀಚರ್, ಮ್ಯಾಲಿನ ಕ್ಲಾಸಿನ್ಯಾಗ 15 ಮಕ್ಕಳಿಗಿ ಒಬ್ಬರು ಅಂತ ಹೇಳ್ಯದ, ನಮ್ಮ ಜಿಲ್ಲಾದಾಗ ಕಲ್ತವರು ಸಿಗೋದೇ ಕಷ್ಟ.

ಕೆಲಸದಾಗ ಒಂದು ಸೂಕ್ಷ್ಮ ಅದ. ಹುಡುಗನ ಮಗ್ಗಲಕ್ಕೇ ಅಂಟಿ ಕೂತ್ರ ಉಳಿದ ಹುಡುಗ್ರು ಅವನ ಸಂಗಟ ಮಾತಾಡಲ್ಲ, ಟೀಚರೂ ಅವನಿಗಿ ಹೇಳೋದು ನಮಗ ಹೇಳ್ತಾರ. ಅದಕ್ಕ ನಾ ಚೂರು ಹಿಂದ, ಓರೆಗಿ ಕೂಡ್ತೀನಿ. ಮೊದಲ ಚಿತ್ರ ತೋರ್ಸಿ ‘ಈಗ ಪುಸ್ತಕ, ಆಮ್ಯಾಲ ಆಟ’ ಅಂತಿದ್ದೆ, ಬರಬರತ ಬರೇ ಬಟ್ಟು ತೋರ್ಸಿದ್ರ ಸಾಕಾಯ್ತು, ಈಗ ಕೆಲವೊಂದು ಪಿರಿಯಡ್ ಅವನೇ ನೋಡ್ಕೊಂಡು ಮಾಡ್ತಾನ. ನಾವು ದಿನಾ ದಿನಾ ಅವನಿಗಿ ಕಡಿಮಿ ಬೇಕಾಗಬೇಕು, ಅದೇ ಈ ಕೆಲಸ. ಗದ್ದಲಾ ಆಗಿ ಅವ ಕಿವಿ ಮುಚ್ಕೊಂಡಾಗ ಏನಾಗಿತ್ತು, ಎಷ್ಟು ಹೊತ್ತಿನ್ಯಾಗ ಸುಮ್ಮಾದ ಅಂತ ಸಣ್ಣ ನೋಟ್‌ಬುಕ್‌ನ್ಯಾಗ ಬರದು ಸಂಜಿಕ ಅವರ ತಾಯಿಗಿ ತೋರ್ಸ್ತೀನಿ.

ಇನ್ನೊಂದು ಮಾತು, ಇದು ಎಲ್ಲಾ ಅಸಿಸ್ಟೆಂಟ್‌ರಿಗೂ. ಯಾವ ಕೂಸರ ಯಾರೋ ಮುಟ್ಟಬಾರದ ಕಡಿ ಮುಟ್ಟಿದ್ರು ಅಂತ ಹೇಳಿದ್ರ, ಸಾಲಿ ಹೆಸರು ಕೆಡ್ತದ ಸುಮ್ಮಿರು ಅಂತ ಯಾರೇ ಅಂದ್ರೂ ಸುಮ್ಮಿರಂಗಿಲ್ಲ. ಪೋಕ್ಸೊ ಕಾಯ್ದೆ 2012ರ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗಿ ತಿಳಿಸಲೇಬೇಕು, ತಿಳಿಸದಿದ್ರ ಆರು ತಿಂಗಳ ತನಕ ಜೈಲು ಇಲ್ಲಾ ದಂಡ. ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡ್ಲಿಕ್ಕ ಬರ್ತದ. ಕೂಸಿಗಿ ಹತ್ತು ಸಲ ಕೇಳಿ ಕಾಡಬ್ಯಾಡ್ರಿ, ಅದು ಹೇಳಿದ್ದು ಹೇಳಿದಂಗ ಬರ್ಕೊಂಡು ಇಡ್ರಿ.

ಭಾಲ್ಕಿ:

ನಮ್ಮ ತಂಗಿ ಅಮೆರಿಕಾದ ಟೆಕ್ಸಾಸ್‌ನ್ಯಾಗ ಇದೇ ಕೆಲಸ ಮಾಡ್ತಾಳ. ಅಲ್ಲಿ ಎಜುಕೇಶನಲ್ ಏಡ್ ಅಂತ ರಾಜ್ಯದವರೇ ಸರ್ಟಿಫಿಕೇಟ್ ಕೊಡ್ತಾರ, ಒಂದು ಎರಡು ಮೂರು ಅಂತ ಹಂತ ಅದಾವ. ಬಡ ಮಕ್ಕಳಿಗಿ ಕೇಂದ್ರದ ಅನುದಾನ ಬರೋ ಸಾಲ್ಯಾಗ ಅಂದ್ರ ಹೈಸ್ಕೂಲ್ ಮ್ಯಾಲ ಎರಡು ವರ್ಷ ಕಾಲೇಜ್ ಆಗಿರಬೇಕು, ಇಲ್ಲಾ ಓದು ಬರಹ ಲೆಕ್ಕದ ಒಂದು ಪರೀಕ್ಷಾ ಪಾಸಾಗಬೇಕು. ನಮ್ಮಲ್ಲೂ ಹಿಂಗ ಒಂದು ನೇಮ ಬಂದ್ರ ಈ ಹೆಣ್ಣುಮಕ್ಕಳಿಗಿ ಮರ್ಯಾದಿ, ಪಗಾರ ಎರಡೂ ಬರ್ತಾವ.

ಕೇಳಿದವರು, ಸೇಡಂ:

ಎಲ್ಲರೂ ಇಷ್ಟು ಬರದೀರಿ, ಮನಿಯವರಿಗೂ ಓದ್ಸಿದೆ. ಈಗ ಸಾಲಿಗಿ ಸೇರಿ, ಮುಂದ ಡಿಎಲ್‌ಇಡಿ ಮಾಡಬೇಕು ಅಂತ ಅನಿಸ್ಲತ್ತದ. ನನ್ನ 54 ಪರ್ಸೆಂಟ್ ನಡೀತದೇನ್ರಿ ಸರ್? ಟಿಇಟಿ ಭಾಳ ಕಠಿಣ ಇರ್ತದಂತ?

ಬೀದರ್, ಡಿಇಡಿ ಕಾಲೇಜಿನ್ಯಾಗ ಪಾಠ ಮಾಡಿ ರಿಟೈರ್ ಆದವರು:

ನಡೀತದ ತಂಗಿ, 50 ಬೇಕು, ಎಸ್‌ಸಿ ಎಸ್‌ಟಿಯವರಿಗಿ 45. ಸೀಟು ಕೇಂದ್ರೀಕೃತ ದಾಖಲಾತಿ ಘಟಕದ ಮೂಲಕ, ನಿಮ್ಮ ಜಿಲ್ಲಾದ ಡಯಟ್ (ಜಿಲ್ಲಾ ಶಿಕ್ಷಣ ಮತ್ತ ತರಬೇತಿ ಸಂಸ್ಥೆ) ಕಮಲಾಪುರದಾಗ ಅದ, ಅಲ್ಲಿ ಹೋಗಿ ಕೇಳು. ಆದ್ರ ಡಿಎಲ್‌ಇಡಿ ದಿನಾ ಹೋಗೋ ಕೋರ್ಸ್, ಸಾಲಿ ಕೆಲಸ ಮಾಡ್ಕೋತ ಮಾಡ್ಲಿಕ್ಕ ಆಗಲ್ಲ, ಹಾಜರಿ ನಾವೇ ಹಾಕ್ತೀವಿ ಅಂತ ಯಾವ ಕಾಲೇಜಿನವರರ ಅಂದ್ರ ಅಲ್ಲಿ ಸೇರಬ್ಯಾಡ. ಒಂದು ವರ್ಷ ಅಸಿಸ್ಟೆಂಟ್ ಕೆಲಸ ಮಾಡಿ ನೋಡು, ಮನಸು ಗಟ್ಟಿ ಆದ್ರ ಆಮ್ಯಾಲ ಸೇರು.

ಟಿಇಟಿ 150 ಮಾರ್ಕ್ಸ್, ಎರಡೂವರಿ ತಾಸು. ಮೊದಲನೇ ಪೇಪರ್‌ನ್ಯಾಗ ಮಕ್ಕಳ ಬೆಳವಣಗಿ, ಎರಡು ಭಾಷಾ, ಗಣಿತ, ಪರಿಸರ, ಒಂದೊಂದಕ್ಕ 30. ತಪ್ಪು ಉತ್ತರಕ್ಕ ಮಾರ್ಕ್ಸ್ ಕಡಿಯಲ್ಲ. 90 ಬಂದ್ರ ಪಾಸು, ಎಸ್‌ಸಿ ಎಸ್‌ಟಿ ಪ್ರವರ್ಗ-1 ಮತ್ತ ಅಂಗವಿಕಲರಿಗಿ 55 ಪರ್ಸೆಂಟ್. ಒಮ್ಮೆ ಪಾಸಾದ್ರ ಜೀವನಪೂರ್ತಿ ನಡೀತದ. ಮಕ್ಕಳ ಬೆಳವಣಗಿ ಭಾಗ ಕ್ಲಾಸಿನ್ಯಾಗ ಕೂಸುಗಳ ಸಂಗಟ ಇದ್ದವರಿಗಿ ಲಗೂನ ತಲಿಗಿ ಹತ್ತತದ, ಗಣಿತಕ್ಕ ಮಾತ್ರ ಏಳನೇ ತನಕದ ಪುಸ್ತಕ ಈಗಿಂದೇ ತೆಗಿ.

371 ಜೆ ಸರ್ಟಿಫಿಕೇಟ್ (ಕಲ್ಯಾಣ ಕರ್ನಾಟಕದವರ ಮೀಸಲಾತಿಗಿ ಬೇಕಾಗೋದು) ಇನ್ನೂ ಮಾಡ್ಸಿರದಿದ್ರ ಈಗೇ ಮಾಡ್ಸು. ನಾಡಕಚೇರಿದಾಗ ಅರ್ಜಿ ಕೊಟ್ರ ಸಹಾಯಕ ಆಯುಕ್ತರ ಆಫೀಸಿನಿಂದ ಬರ್ತದ, ಟೀಚರ್ ಪೋಸ್ಟ್ ಗ್ರೂಪ್ ಸಿ, ಅದರಾಗ ಕಲ್ಯಾಣ ಕರ್ನಾಟಕದವರಿಗಿ ಈ ಕಡಿ 80 ಪರ್ಸೆಂಟ್ ಮೀಸಲಾತಿ ಅದ. ನೋಟಿಫಿಕೇಶನ್ ಬಂದಮ್ಯಾಲ ಓಡಾಡಿದ್ರ ಕೊನಿ ತಾರೀಖು ದಾಟ್ತದ.

ಚಿಂಚೋಳಿ:

ಒಂದು ಮಾತು ಸೇರಸ್ತೀನಿ. ಸಾಲಿಗಿ ಸೇರೋವಾಗ ಎಸ್ಸೆಸ್ಸೆಲ್ಸಿ, ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊಂಡು ಬಿಡ್ತೀವಿ ಅಂತ ಕೆಲವರು ಕೇಳ್ತಾರ, ನಡುವ ಬಿಟ್ಟು ಹೋಗಬಾರದು ಅಂತ. ಕೊಡಬ್ಯಾಡ್ರಿ, ತೋರ್ಸಿ ಝೆರಾಕ್ಸ್ ಮ್ಯಾಲ ಸಹಿ ಮಾಡಿ ಕೊಡ್ರಿ. ನಮ್ಮ ನಾದಿನಿ ಒರಿಜಿನಲ್ ಕೊಟ್ಟು, ಡಿಇಡಿ ಕೌನ್ಸೆಲಿಂಗ್ ಬಂದಾಗ ಅವರು ತಿರುಗಿ ಕೊಡೋದು ತಡಾ ಮಾಡಿದ್ದಕ್ಕ ಆ ವರ್ಷದ ಸೀಟೇ ಹೋಯ್ತು.