ಡೇರಿ ಲೆಕ್ಕಕ್ಕೆ ಎಪಿಐ: ಮಾಡೆಲ್‌ಗೆ ಐದೈದು ಫಂಕ್ಷನ್ ಬರೆಯಬೇಕೇ?

ಪ್ರಶ್ನೆ: ಮೇಡಂ, ಪಾಂಡವಪುರ ತಾಲ್ಲೂಕಿನ ನಮ್ಮೂರ ಡೇರಿಗೆ ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಆದ ಜ್ಯಾಂಗೊದಲ್ಲಿ ಲೆಕ್ಕದ ತಂತ್ರಾಂಶ ಮಾಡಿದ್ದೇನೆ. ಎರಡೇ ಮಾಡೆಲ್ (ದಾಖಲೆಯ ಕೋಷ್ಟಕದ ವಿನ್ಯಾಸ). ‘ರೈತ’ದಲ್ಲಿ ಹೆಸರು, ಮೊಬೈಲ್, ಬ್ಯಾಂಕ್ ಖಾತೆ, ‘ಹಾಲು’ ಮಾಡೆಲ್‌ನಲ್ಲಿ ರೈತ, ದಿನಾಂಕ, ಬೆಳಿಗ್ಗೆಯೋ ಸಂಜೆಯೋ, ಲೀಟರ್, ಫ್ಯಾಟ್. ಅಡ್ಮಿನ್ ಪುಟದಲ್ಲಿ ಎಲ್ಲವೂ ಸರಿಯಾಗಿದೆ. ಈಗ ಕಾರ್ಯದರ್ಶಿಯವರಿಗೆ ಮೊಬೈಲ್ ಆ್ಯಪ್ ಬೇಕಂತೆ. ಆ್ಯಪ್ ಸರ್ವರ್ ಜೊತೆ ಮಾಹಿತಿ ವಿನಿಮಯ ಮಾಡುವ ಎಪಿಐ ಬರೆಯಲು ಕುಳಿತರೆ ಪಟ್ಟಿಗೊಂದು, ಸೇರಿಸಲೊಂದು, ತಿದ್ದಲೊಂದು ಎಂದು ಪ್ರತಿ ಮಾಡೆಲ್‌ಗೂ ಐದೈದು ಫಂಕ್ಷನ್ ಆಗುತ್ತಿದೆ. ಹೀಗೇ ಬರೆಯಬೇಕೇ?

ಉತ್ತರ: ಬೇಕಾಗಿಲ್ಲ. ಮಾಡೆಲ್ ಸರಿಯಾಗಿದ್ದರೆ ಅರ್ಧ ಕೆಲಸ ಮುಗಿದಂತೆಯೇ. ಜ್ಯಾಂಗೊ ರೆಸ್ಟ್ ಫ್ರೇಮ್‌ವರ್ಕ್ ಹಾಕಿಕೊಳ್ಳಿ. ಅದರ ಮಾಡೆಲ್‌ಸೀರಿಯಲೈಸರ್ ಯಾವುದು ಸಂಖ್ಯೆ, ಯಾವುದು ದಿನಾಂಕ ಎಂಬುದನ್ನು ಮಾಡೆಲ್‌ನಿಂದಲೇ ತಿಳಿದುಕೊಂಡು ದಾಖಲೆಯನ್ನು ಆ್ಯಪ್ ಓದಬಲ್ಲ ಪಠ್ಯ ರೂಪವಾದ ಜೇಸನ್‌ಗೆ ಒಗ್ಗಿಸುತ್ತದೆ. ಆ್ಯಪ್‌ನಿಂದ ಬಂದದ್ದನ್ನು ಪರೀಕ್ಷಿಸುವುದೂ ಅದೇ. ಮಾಡೆಲ್‌ವ್ಯೂಸೆಟ್ ಎಂಬ ಒಂದೇ ಕ್ಲಾಸಿನಲ್ಲಿ ಆ ಐದೂ ಕೆಲಸಗಳಿವೆ. ಅದನ್ನು ರೌಟರ್‌ನಲ್ಲಿ ನೋಂದಾಯಿಸಿದರೆ ಆ್ಯಪ್ ಕರೆಯುವ ವೆಬ್ ವಿಳಾಸಗಳೂ ಸಿದ್ಧ.

ನನ್ನ ತಕರಾರು ಇರುವುದು ಈ ಸಲೀಸಿನ ಬಗ್ಗೆಯೇ. ಎಷ್ಟೋ ಪಾಠಗಳಲ್ಲಿ ಫೀಲ್ಡ್ಸ್ ಎಂಬಲ್ಲಿ ‘ಆಲ್’ (ಎಲ್ಲ ಅಂಕಣಗಳೂ) ಎಂದು ಬರೆದು ಮುಂದೆ ಹೋಗುತ್ತಾರೆ. ನೀವೂ ಹಾಗೆ ಮಾಡಿದರೆ ರೈತರ ಬ್ಯಾಂಕ್ ಖಾತೆ ಸಂಖ್ಯೆಗಳೆಲ್ಲ ಹೊರಬೀಳುತ್ತವೆ. ಅದೂ ಯಾರಿಗೆ? ನೀವಾಗಿ ಬದಲಿಸದ ಹೊರತು ಈ ಫ್ರೇಮ್‌ವರ್ಕ್ ಯಾರನ್ನೂ ತಡೆಯುವುದಿಲ್ಲ, ಲಾಗಿನ್ ಕೂಡ ಕೇಳುವುದಿಲ್ಲ. ಬೇಕಾದ ಅಂಕಣಗಳ ಹೆಸರನ್ನು ಒಂದೊಂದಾಗಿ ಬರೆಯಿರಿ. ಸೆಟ್ಟಿಂಗ್ಸ್‌ನಲ್ಲಿ ಇಸ್‌ಆಥೆಂಟಿಕೇಟೆಡ್ ಹಾಕಿ, ಆಗ ಲಾಗಿನ್ ಆದವರಿಗಷ್ಟೇ ಪ್ರವೇಶ. ಹಾಲಿನ ದಾಖಲೆಗೆ ಡಿಲೀಟ್ ಕೊಡಲೇಬೇಡಿ. ಡೇರಿ ಪುಸ್ತಕದ ಹಾಳೆ ಹರಿಯಲು ಕಾರ್ಯದರ್ಶಿ ಬಿಡುತ್ತಾರೆಯೇ?

ಮತ್ತೊಬ್ಬ ಸದಸ್ಯ: ಫಾಸ್ಟ್‌ಎಪಿಐ ಎಂಬ, ಎಪಿಐಗೆಂದೇ ಇರುವ ಪೈಥಾನ್ ಫ್ರೇಮ್‌ವರ್ಕ್ ಇರುವಾಗ ಇದೇಕೆ?

ಉತ್ತರ: ಹೊಸದಾಗಿ ಆರಂಭಿಸುವವರು ಧಾರಾಳವಾಗಿ ಬಳಸಲಿ. ಇವರ ಮಾಡೆಲ್, ಮೈಗ್ರೇಷನ್ (ಮಾಡೆಲ್‌ನ ಬದಲಾವಣೆಯನ್ನು ಡೇಟಾಬೇಸ್‌ಗೆ ತರುವುದು), ಅಡ್ಮಿನ್ ಎಲ್ಲವೂ ಜ್ಯಾಂಗೊದಲ್ಲೇ ನಡೆಯುತ್ತಿವೆ.

ಪ್ರಶ್ನಿಸಿದವರು: ಮಾಡಿದೆ ಮೇಡಂ, ಕೆಲಸ ಮಾಡುತ್ತಿದೆ. ಆದರೆ ಫ್ಯಾಟ್ 4.2 ಎಂದು ಕೊಟ್ಟದ್ದು ಆ್ಯಪ್‌ಗೆ ಉದ್ಧರಣ ಚಿಹ್ನೆಯೊಳಗೆ "4.2" ಎಂದು ಬರುತ್ತಿದೆ. ಜೊತೆಗೆ, ನೆಟ್‌ವರ್ಕ್ ಕೈಕೊಟ್ಟಾಗ ಗುಂಡಿಯನ್ನು ಮತ್ತೆ ಒತ್ತಿ ಒಂದೇ ಹಾಲು ಎರಡು ಸಲ ದಾಖಲಾಗಿದೆ.

ಉತ್ತರ: ಮೊದಲನೆಯದು ದೋಷವಲ್ಲ. ರೆಸ್ಟ್ ಫ್ರೇಮ್‌ವರ್ಕ್ ಡೆಸಿಮಲ್ ಅಂಕಣವನ್ನು ಬೇಕೆಂದೇ ಪಠ್ಯವಾಗಿ ಕಳುಹಿಸುತ್ತದೆ, ಏಕೆಂದರೆ ಕಂಪ್ಯೂಟರ್‌ನ ಸಾಮಾನ್ಯ ದಶಮಾಂಶ ರೂಪವಾದ ಫ್ಲೋಟ್‌ನಲ್ಲಿ ದಶಮಾಂಶ ನಿಖರವಾಗಿ ಉಳಿಯುವುದಿಲ್ಲ. ಪೈಥಾನ್‌ನಲ್ಲಿ 0.1 + 0.2 ಕೂಡಿ ನೋಡಿ: 0.30000000000000004. ಫ್ಯಾಟ್ ಮೇಲೆ ದುಡ್ಡು ಲೆಕ್ಕ ಹಾಕುವವರಿಗೆ ಪಠ್ಯವೇ ಕ್ಷೇಮ.

ಎರಡನೆಯದಕ್ಕೆ ಆ್ಯಪ್‌ನ ಗುಂಡಿಯನ್ನು ನಂಬಬೇಡಿ, ಡೇಟಾಬೇಸ್ ತಡೆಯಲಿ. ರೈತ, ದಿನಾಂಕ, ಹೊತ್ತು ಮೂರಕ್ಕೂ ಸೇರಿಸಿ ಮಾಡೆಲ್‌ನಲ್ಲಿ ಅದೇ ಮೂರು ಒಟ್ಟಿಗೆ ಮತ್ತೆ ಬರದಂತೆ ತಡೆಯುವ ಯುನೀಕ್‌ಕನ್‌ಸ್ಟ್ರೇಂಟ್ ಬರೆಯಿರಿ. ಈಗಾಗಲೇ ಎರಡೆರಡಾಗಿರುವ ಸಾಲುಗಳನ್ನು ಮೊದಲು ತೆಗೆಯಿರಿ, ಇಲ್ಲವಾದರೆ ಮೈಗ್ರೇಷನ್ ಅಲ್ಲೇ ನಿಲ್ಲುತ್ತದೆ. ಅದಕ್ಕೂ ಮುಂಚೆ ಕಾರ್ಯದರ್ಶಿಯವರನ್ನು ಒಂದು ಮಾತು ಕೇಳಿ: ಒಂದೇ ಹೊತ್ತಿಗೆ ಹಸುವಿನ ಹಾಲು, ಎಮ್ಮೆ ಹಾಲು ಎರಡನ್ನೂ ಹಾಕುವವರಿದ್ದಾರೆಯೇ? ಇದ್ದರೆ ಹಾಲಿನ ಬಗೆಗೂ ಒಂದು ಅಂಕಣ ಬೇಕು, ಕನ್‌ಸ್ಟ್ರೇಂಟ್‌ನಲ್ಲಿ ಅದೂ ಸೇರಬೇಕು.