ಅಪ್‌ಡೇಟ್: ತೋಳಕ್ಕೆ .223 ಸಾಕಾ, .243 ಬೇಕಾ?

ಮೊದಲು ಕೇಳಿದ್ದು ಇಷ್ಟೇ: ಗದಗಿನ ಗೆಳೆಯನೊಬ್ಬ ಅಮೆರಿಕದ ಮೊಂಟಾನಾದಲ್ಲಿದ್ದಾನೆ, ಲೈಸೆನ್ಸ್ ಪಡೆದು ತೋಳದ ಬೇಟೆಗೆ ಹೊರಟಿದ್ದಾನೆ; ಕೈಲಿರೋ .223 ರೆಮಿಂಗ್ಟನ್ ರೈಫಲ್ ಸಾಕೋ, ತುಸು ದಪ್ಪ ಗುಂಡಿನ .243 ವಿಂಚೆಸ್ಟರ್ ಬೇಕೋ? ಕೊನೆಗೆ .243ಕ್ಕೇ ನಿಂತಿತು.

ಕ್ಯಾಲಿಬರ್‌ಗಿಂತ, ಅಂದರೆ ಗುಂಡಿನ ದಪ್ಪಕ್ಕಿಂತ, ಗುಂಡಿನ ರಚನೆಯದೇ ತಕರಾರು. ತೆಳು ಜಾಕೆಟ್ಟಿನ (ಸೀಸದ ಮೇಲಿನ ತಾಮ್ರದ ಹೊದಿಕೆ) 55 ಗ್ರೇನ್ ಗುಂಡು, ಅಂದರೆ ಸುಮಾರು 3.6 ಗ್ರಾಂ, ನರಿಯಂಥ ಸಣ್ಣ ಪ್ರಾಣಿಗೆ ಮಾಡಿದ್ದು. 40 ಕಿಲೋ ತೋಳದ ಹೆಗಲೆಲುಬಿಗೆ ಬಡಿದರೆ ಮೇಲೆಮೇಲೆಯೇ ಚೂರಾಗುತ್ತದೆ. ಗಾಯ ಅಗಲ, ಆಳವಿಲ್ಲ. ಪ್ರಾಣಿ ನರಳುತ್ತ ಓಡುತ್ತದೆ. ಅದೇ ರೈಫಲ್ಲಿಗೆ ಭಾರದ್ದು ಹಾಕೋಣ ಅಂದರೆ ಹಳೇ ಬ್ಯಾರೆಲ್, ಟ್ವಿಸ್ಟ್, ಅಂದರೆ ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೀರು, 12 ಇಂಚಿಗೊಂದು ಸುತ್ತು. 77 ಗ್ರೇನಿನ ಉದ್ದ ಗುಂಡಿಗೆ ಆ ತಿರುವು ಸಾಲದೆ ಅದು ಓಲಾಡಿ, ಕಾಗದದ ಮೇಲೆ ದುಂಡು ತೂತಿನ ಬದಲು ಅಡ್ಡ ಸೀಳು ಬಿಡುತ್ತದೆ.

.243ರಲ್ಲಿ 10 ಇಂಚಿನ ಟ್ವಿಸ್ಟ್, 95–100 ಗ್ರೇನ್ ಬಾಂಡೆಡ್ ಗುಂಡು (ಸೀಸ ಹೊದಿಕೆಗೆ ಬೆಸೆದದ್ದು, ಬೇಗ ಚೂರಾಗದು). ತೊಗಲಿನ ತೂತು ತುಸು ದೊಡ್ಡದಾದೀತು, ಆಗಲಿ ಬಿಡಿ. ಜೀರೋ, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವ ದೂರ, 200 ಗಜಕ್ಕೆ. ಆಗ 100 ಗಜದಲ್ಲಿ ಸುಮಾರು 4 ಸೆಂ.ಮೀ. ಮೇಲೆ ಬೀಳಬೇಕು.

ಗದಗ ಬಳಿಯ ಕಪ್ಪತಗುಡ್ಡದ ತೋಳದ ಬಗ್ಗೆ ಕೇಳಿದವರಿಗೆ: 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಇಲ್ಲಿ ಬಂದೂಕಿನ ಮಾತೇ ಬೇಡ. ಕುರಿಹಟ್ಟಿಗೆ ಬಲೆ ಬಿಗಿದು, ಬುಡಕ್ಕೆ ಕಲ್ಲು ಹೇರಿ, ಮರಿಗಳನ್ನ ನಡುವೆ ಕೂಡಿ.