ಸಹಾಯ ಬೇಕು: ವಿಂಡೋ ಮುಚ್ಚುವ ಮೊದಲು ಪ್ರತಿ ಟ್ಯಾಬನ್ನೂ ಕೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯ ನವನಗರದಲ್ಲಿ ನಾನು ಪಾಠ ಮಾಡುವ ಶಾಲೆಯ ಮಕ್ಕಳಿಗಾಗಿ ಪೈಥಾನ್ ಭಾಷೆ ಮತ್ತು ಪೈಕ್ಯೂಟಿ 6 (ವಿಂಡೋ, ಬಟನ್ ಮುಂತಾದವನ್ನು ಕಟ್ಟುವ ಲೈಬ್ರರಿ) ಬಳಸಿ ಪುಟ್ಟ ಬ್ರೌಸರ್ ಬರೆಯುತ್ತಿದ್ದೇನೆ. ಮೆನು ಪೂರ್ತಿ ಕನ್ನಡದಲ್ಲಿದೆ. ಮಕ್ಕಳು 'ಹೊಸ ಪುಟ', 'ಮುಚ್ಚು' ಎಂದು ಓದಿಕೊಂಡು ಒತ್ತುವುದನ್ನು ನೋಡುವುದೇ ಒಂದು ಸಂತೋಷ.

ತೊಡಕೆಲ್ಲ ಮುಚ್ಚುವುದರಲ್ಲಿದೆ. ಮೊನ್ನೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಪದ್ಯದ ವಿಡಿಯೊ ಇದ್ದ ಟ್ಯಾಬನ್ನು ಮುಚ್ಚಿದಳು. ಟ್ಯಾಬ್ ಮಾಯವಾಯಿತು, ಹಾಡು ನಿಲ್ಲಲಿಲ್ಲ. "ಸರ್, ಒಳಗೆ ಇನ್ನೂ ಹಾಡುತ್ತಿದೆ" ಎಂದಳು. 'ರಿಮೂವ್‌ಟ್ಯಾಬ್' ಎಂಬ ಆದೇಶ ಟ್ಯಾಬನ್ನು ಪಟ್ಟಿಯಿಂದ ತೆಗೆಯುತ್ತದೆಯೇ ಹೊರತು ಒಳಗಿನ ಪುಟವನ್ನು ಅಳಿಸುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಈಗ ಟ್ಯಾಬ್ ತೆಗೆದ ಮೇಲೆ ಒಳಗಿನ ಆ ಪುಟದ ವಿಜೆಟ್‌ಗೆ (ಅದನ್ನು ತೋರಿಸುವ ಭಾಗಕ್ಕೆ) 'ಡಿಲೀಟ್‌ಲೇಟರ್', ಅಂದರೆ ಆಮೇಲೆ ಅಳಿಸು ಎಂದು ಹೇಳುತ್ತೇನೆ, ಸದ್ದು ಅಡಗಿದೆ.

ಉಳಿದಿರುವುದು ವಿಂಡೋ ಮುಚ್ಚುವ ಪ್ರಶ್ನೆ. ಅರ್ಧ ತುಂಬಿದ ವಿದ್ಯಾರ್ಥಿವೇತನದ ಅರ್ಜಿ ಒಂದೇ ಒತ್ತಿಗೆ ಹಾಳಾಗಬಾರದು. ಅದನ್ನು ತುಂಬಲು ಮಗು ಒಂದು ಪೀರಿಯಡ್ ಕಳೆದಿರುತ್ತದೆ. ಹಾಗಾಗಿ ಪ್ರತಿ ಪುಟಕ್ಕೂ 'ರಿಕ್ವೆಸ್ಟ್‌ಕ್ಲೋಸ್', ಅಂದರೆ ಮುಚ್ಚಬಹುದೇ ಎಂಬ ಕೋರಿಕೆ ಕಳುಹಿಸಬೇಕು. ಒಪ್ಪಿಗೆ ಸಿಕ್ಕರೆ 'ವಿಂಡೋಕ್ಲೋಸ್‌ರಿಕ್ವೆಸ್ಟೆಡ್' ಸಂಕೇತ ಬರುತ್ತದೆ, ಆದರೆ ತಡವಾಗಿ. ವಿಂಡೋ ಮುಚ್ಚಲು ಒತ್ತಿದಾಗ ನಡೆಯುವ 'ಕ್ಲೋಸ್‌ಇವೆಂಟ್' ಅಷ್ಟು ಹೊತ್ತು ಕಾಯುವುದಿಲ್ಲ, ಅಲ್ಲಿಯೇ ಹೂಂ ಅಥವಾ ಉಹೂಂ ಎನ್ನಬೇಕು.

ಸದ್ಯಕ್ಕೆ ಆ ಇವೆಂಟನ್ನು 'ಇಗ್ನೋರ್' ಮಾಡಿ (ಅಂದರೆ ಉಹೂಂ ಎಂದು), ಟ್ಯಾಬ್‌ಗಳನ್ನು ಒಂದೊಂದಾಗಿ ಮುಚ್ಚಿ, ಕೊನೆಯದು ಹೋದಾಗ ವಿಂಡೋ ಮುಚ್ಚುತ್ತಿದ್ದೇನೆ. ಮೂರನೆಯ ಟ್ಯಾಬಿನಲ್ಲಿ ಮಗು 'ಬೇಡ' ಎಂದರೆ ಮೊದಲ ಎರಡು ಆಗಲೇ ಹೋಗಿರುತ್ತವೆ. ಎಲ್ಲರ ಒಪ್ಪಿಗೆ ಸಿಗುವವರೆಗೆ ಯಾವುದನ್ನೂ ಅಳಿಸದೆ ಹಿಡಿದಿಡುವ ಕ್ರಮವನ್ನು ಯಾರಾದರೂ ಮಾಡಿದ್ದೀರಾ? ನಾಲ್ಕು ಸಾಲಿನ ಕೋಡ್ ತೋರಿಸಿದರೂ ಸಾಕು. ಸೋಮವಾರ ಮಕ್ಕಳು ಮತ್ತೆ ಅರ್ಜಿ ತುಂಬಲು ಕೂರುತ್ತಾರೆ.